ಮಗು ಇರುವ ವಿದ್ಯಾರ್ಥಿನಿಗೆ ಕರುಣೆ ಬೇಡ, ಬರೆದಿಟ್ಟ ನಿಯಮ ಕೊಡಿ

ಮಾನ್ಯ ಸಂಪಾದಕರೇ,

ನನ್ನ ಸೊಸೆ ಬಿ.ಎಡ್. ಸೇರುವಾಗ ಅರ್ಜಿ ತುಂಬಲು ನಾನೂ ಪಕ್ಕದಲ್ಲಿ ಕೂತಿದ್ದೆ. ಅಪ್ಪನ ಹೆಸರು ಕೇಳಿದ್ದರು, ಗಂಡನ ಹೆಸರು ಕೇಳಿದ್ದರು. ಜಾತಿ, ಆದಾಯ, ಆಧಾರ್, ಬ್ಯಾಂಕ್ ಖಾತೆ, ರಕ್ತದ ಗುಂಪು, ಎಲ್ಲ ಇತ್ತು. ಮಗು ಇದೆಯಾ, ಎಷ್ಟು ವರ್ಷ, ನೀನು ಕ್ಲಾಸಿನಲ್ಲಿ ಕೂತಾಗ ಅದನ್ನು ಯಾರು ನೋಡ್ಕೊಳ್ತಾರೆ ಅಂತ ಕೇಳುವ ಒಂದು ಕಾಲಂ ಮಾತ್ರ ಎಲ್ಲೂ ಇರಲಿಲ್ಲ. ಕೇಳಿದ್ದರೆ ಉತ್ತರ ಸುಲಭವಿತ್ತು. "ಅತ್ತೆ" ಅಂತ ಬರೆದರೆ ಮುಗೀತು.

ನಾನು ಕುಮಟಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದವಳು. ಊರಿನವರಿಗೆ ಈಗಲೂ ಅಕ್ಕೋರು. ಮಗ ಗೋವಾದಲ್ಲಿ ಕೆಲಸದಲ್ಲಿದ್ದಾನೆ, ರಜೆ ಸಿಕ್ಕಾಗ ಬರ್ತಾನೆ. ಸೊಸೆ ಓದುತ್ತಾಳೆ, ಒಂದೂವರೆ ವರ್ಷದ ಮೊಮ್ಮಗಳು ನನ್ನ ಹತ್ತಿರ ಇರುತ್ತಾಳೆ. ಭೇಷ್ ಅನ್ನಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಮ್ಮ ಕಡೆ ಮದುವೆಯಾದ ಹುಡುಗಿ ಕಾಲೇಜಿಗೆ ಹೋಗ್ತಾಳೆ ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ, ಮನೆಯಲ್ಲಿ ಅತ್ತೆ ಗಟ್ಟಿ ಇದ್ದಾರಾ ಅಂತ. ಅಂದರೆ ನನ್ನ ಮೊಣಕಾಲು ನೆಟ್ಟಗಿರುವ ತನಕ ಅವಳ ಬಿ.ಎಡ್. ನಡೆಯುತ್ತದೆ. ನಾಳೆ ನಾನು ಆಸ್ಪತ್ರೆ ಸೇರಿದರೆ ಅವಳ ಓದೂ ನನ್ನ ಜೊತೆ ಮಂಚ ಹಿಡಿಯುತ್ತದೆ. ಕಾಲೇಜು, ವಿಶ್ವವಿದ್ಯಾಲಯ, ಸರ್ಕಾರ ಎಲ್ಲ ಸೇರಿ ಮಗು ಇರುವ ವಿದ್ಯಾರ್ಥಿನಿಗೆ ಮಾಡಿಟ್ಟಿರುವ ಏರ್ಪಾಡು ಸದ್ಯಕ್ಕೆ ಇಷ್ಟೇ.

ಅಂಗನವಾಡಿಯಲ್ಲಿ ಗರ್ಭಿಣಿಯರ ಹೆಸರು ಬರೆದುಕೊಳ್ಳುವುದು ನಮ್ಮ ಕೆಲಸ. ಹೆಸರು, ಗಂಡನ ಹೆಸರು, ಎಷ್ಟನೇ ಗರ್ಭ, ಕೊನೆಯ ಮುಟ್ಟಿನ ತಾರೀಕು, ಎಷ್ಟು ಓದಿದ್ದಾಳೆ. ಈ ಕೊನೆಯ ಪ್ರಶ್ನೆಗೆ "ಬಿ.ಎ. ಎರಡನೇ ವರ್ಷ" ಅಂತಲೋ "ಬಿ.ಕಾಂ. ನಾಲ್ಕನೇ ಸೆಮಿಸ್ಟರ್" ಅಂತಲೋ ಹೇಳುತ್ತಿದ್ದವರು ಎಷ್ಟೋ ಜನ. ಹೇಳುವಾಗ ಮುಖದಲ್ಲಿ ಒಂದು ಧೈರ್ಯ ಇರುತ್ತಿತ್ತು, ಹೆರಿಗೆ ಆದ ಮೇಲೆ ಮುಗಿಸ್ತೇನೆ ಅಕ್ಕೋರೇ ಅಂತಿದ್ದರು. ಎರಡನೇ ಮಗುವಿಗೆ ಬಂದಾಗ ಮತ್ತೆ ಕೇಳಬೇಕಲ್ಲ, ಕೇಳುತ್ತಿದ್ದೆ. ಬಿ.ಎ. ಎರಡನೇ ವರ್ಷ. ಮೂರು ನಾಲ್ಕು ವರ್ಷ ಕಳೆದರೂ ಅದೇ ಎರಡನೇ ವರ್ಷ. ಈ ಹುಡುಗಿಯರು ಫೇಲಾದವರಲ್ಲ. ಕಾಲೇಜಿನ ಪಟ್ಟಿಯಲ್ಲಿ ಇವರನ್ನು "ಬಿಟ್ಟವರು" ಅಂತ ಬರೆದಿರುತ್ತಾರೆ, ಯಾಕೆ ಬಿಟ್ಟರು ಅಂತ ಯಾರೂ ಮನೆಗೆ ಬಂದು ಕೇಳಿಲ್ಲ.

ಯಾಕೆ ಅಂತ ನಾನೇ ಹೇಳುತ್ತೇನೆ.

ಹುಡುಗಿ ಡಿಗ್ರಿ ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಒಳ್ಳೆ ಸಂಬಂಧ ಬರುತ್ತದೆ. ಹುಡುಗನ ಕಡೆಯವರು ಓದಿಸ್ತೇವೆ ಅಂತಾರೆ. ಅದು ಸುಳ್ಳೇ ಆಗಿರಬೇಕು ಅಂತಿಲ್ಲ, ಬಹಳಷ್ಟು ಮನೆಯವರು ನಿಜವಾಗಿ ಓದಿಸಬೇಕು ಅಂತಲೇ ಹೇಳುತ್ತಾರೆ, ನಾವೂ ಹಾಗೇ ಹೇಳಿದ್ದೆವು. ಆಮೇಲೆ ಬಸಿರು. ಇಲ್ಲಿ ನಮ್ಮ ಪದ್ಧತಿಯದ್ದೊಂದು ಲೆಕ್ಕ ಇದೆ, ಬೆಂಗಳೂರಿನಲ್ಲಿ ಕೂತು ನಿಯಮ ಮಾಡುವವರ ತಲೆಗೆ ಇದು ಬರುವುದು ಕಷ್ಟ. ಮೊದಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಿಗೋ ಒಂಬತ್ತಕ್ಕೋ ಸೀಮಂತ ಮಾಡಿ ಕಳಿಸಿದರೆ ಬಾಣಂತನ ಮುಗಿಸಿ ಕೂಸು ಎತ್ತಿಕೊಂಡು ಬರುವಾಗ ಮೂರು ತಿಂಗಳು, ಐದು ತಿಂಗಳು. ಗಂಡನ ಮನೆ ಕುಮಟಾ, ಕಾಲೇಜು ಕುಮಟಾ, ತವರು ಘಟ್ಟದ ಮೇಲೆ ಸಿದ್ದಾಪುರದ ಹತ್ತಿರವೋ ಆ ಕಡೆ ಹಳಿಯಾಳದಲ್ಲೋ. ಬಾಣಂತಿ ಅಲ್ಲಿಂದ ದಿನಾ ಘಟ್ಟ ಇಳಿದು ಕ್ಲಾಸಿಗೆ ಬರುತ್ತಾಳಾ? ಒಂದು ಸೆಮಿಸ್ಟರ್ ಪೂರ್ತಿ ಹೋಯಿತು. ಸೆಮಿಸ್ಟರ್ ಅಂದರೆ ಆರು ತಿಂಗಳು ತಾನೇ ಅನ್ನಬೇಡಿ. ಮೂರನೇ ಸೆಮಿಸ್ಟರಿನ ಪಾಠ ಮತ್ತೆ ಶುರುವಾಗುವುದು ಮುಂದಿನ ವರ್ಷವೇ. ಆರು ತಿಂಗಳ ರಜೆಗೆ ಒಂದು ವರ್ಷದ ದಂಡ. ಆ ವರ್ಷ ತುಂಬುವಾಗ ಜೊತೆಗಾತಿಯರು ಮುಂದಿನ ವರ್ಷದ ಕ್ಲಾಸಿಗೆ ಹೋಗಿರುತ್ತಾರೆ, ಇವಳು ಕೂರುವ ಕ್ಲಾಸಿನಲ್ಲಿ ಪರಿಚಯದವರು ಇಲ್ಲ, ಮನೆಯಲ್ಲಿ ಕೂಸು ನಡೆಯಲು ಶುರು ಮಾಡಿರುತ್ತದೆ. ಅಲ್ಲಿಗೆ ನಿಲ್ಲುತ್ತದೆ.

ಈಗ ಅದೇ ಕಾಲೇಜಿನ ಇನ್ನೊಂದು ಬದಿ ನೋಡಿ. ಪಾಠ ಮಾಡುವ ಮೇಡಂ ಸರ್ಕಾರಿ ನೌಕರಳಾಗಿದ್ದರೆ ಹೆರಿಗೆಗೆ 180 ದಿನ ಸಂಬಳ ಸಹಿತ ರಜೆ. ಖಾಸಗಿಯವರಿಗೂ 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಬಹುದು. ಮಗುವಿಗೆ 15 ತಿಂಗಳು ಆಗುವವರೆಗೆ ಹಾಲು ಕುಡಿಸಲು ದಿನಕ್ಕೆ ಎರಡು ಸಲ ಬಿಡುವು ಬೇರೆ. ಒಳ್ಳೆಯ ಕಾನೂನು. ನಾನು ಅದರ ವಿರುದ್ಧ ಹೇಳುತ್ತಿಲ್ಲ. ಆದರೆ ಇದೆಲ್ಲ ನೌಕರಿ ಮಾಡುವವರಿಗೆ. ವಿದ್ಯಾರ್ಥಿನಿ ನೌಕರಳಲ್ಲ, ಹಾಗಾಗಿ ಅವಳಿಗೆ ಏನೂ ಇಲ್ಲ. ಹಲಗೆಯ ಮುಂದೆ ನಿಂತವಳಿಗೆ 26 ವಾರ, ಬೆಂಚಿನ ಮೇಲೆ ಕೂತವಳಿಗೆ ಹಾಜರಾತಿ ಕೊರತೆ. (ಅತಿಥಿ ಉಪನ್ಯಾಸಕಿಯರ ಪಾಡು ಬೇರೆಯೇ. ಅದಕ್ಕೆ ಇನ್ನೊಂದು ಪತ್ರ ಬೇಕು.)

ಇದು ಯಾರಿಗೂ ಹೊಳೆಯದ ವಿಷಯ ಅಂತಲೂ ಅಲ್ಲ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ ಯುಜಿಸಿ 2021ರ ಡಿಸೆಂಬರ್‌ನಲ್ಲೇ ಎಲ್ಲ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ ಕೊಡುವ ನಿಯಮ ಮಾಡಿಕೊಳ್ಳಿ, ಹಾಜರಾತಿಯಲ್ಲಿ ಸಡಿಲಿಕೆ ಕೊಡಿ, ಪರೀಕ್ಷೆ ಅರ್ಜಿ ಸಲ್ಲಿಸುವ ದಿನ ಮುಂದಕ್ಕೆ ಹಾಕಿ ಅಂತ ಹೇಳಿದೆ. ಪಿಎಚ್.ಡಿ. ಮಾಡುವ ಮಹಿಳೆಯರಿಗೆ 240 ದಿನಗಳ ರಜೆ 2016ರಿಂದಲೇ ಇದೆ. ಕೇರಳದಲ್ಲಿ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ 2022ರ ಕೊನೆಗೆ ಡಿಗ್ರಿ ಹುಡುಗಿಯರಿಗೂ 60 ದಿನ ಹೆರಿಗೆ ರಜೆ ಕೊಟ್ಟಿತು, ಮರುವರ್ಷ ಕೇರಳ ವಿಶ್ವವಿದ್ಯಾಲಯ ಆರು ತಿಂಗಳವರೆಗೆ ಕೊಡುವುದಾಗಿ ಹೇಳಿತು. ನಮ್ಮ ಜಿಲ್ಲೆಯ ಬಹುತೇಕ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಅಲ್ಲಿ ಇಂಥ ನಿಯಮ ಬರೆದಿಟ್ಟಿದ್ದರೆ ದಯವಿಟ್ಟು ಕಾಲೇಜುಗಳ ನೋಟಿಸ್ ಬೋರ್ಡಿಗೆ ಹಚ್ಚಿಸಿ, ನಾನು ನೋಡಿದ ಬೋರ್ಡಿನಲ್ಲಿ ಬರೀ ಶುಲ್ಕದ ಕೊನೆಯ ದಿನಾಂಕ ಇತ್ತು. ಇಲ್ಲದಿದ್ದರೆ ಮಾಡಿ. ಯುಜಿಸಿ ಪತ್ರ ಬಂದು ವರ್ಷಗಳೇ ಆದವು.

ನಿಯಮ ನಿಯಮ ಅಂತ ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಅಂದರೆ, ಈಗ ನಡೆಯುತ್ತಿರುವುದೆಲ್ಲ ಒಳ್ಳೆಯತನದ ಮೇಲೆ. ಪ್ರಿನ್ಸಿಪಾಲರು ಒಳ್ಳೆಯವರಾಗಿದ್ದರೆ ಹಾಜರಾತಿ ಹೊಂದಿಸುತ್ತಾರೆ, ಅವರು ವರ್ಗವಾದರೆ ಹೊಸಬರ ಮುಂದೆ ಮತ್ತೆ ಕೈಮುಗಿದು ನಿಲ್ಲಬೇಕು. ಕೆಲವರು ಕೊಡುತ್ತಾರೆ, ಕೊಟ್ಟು ವರ್ಷವಿಡೀ ಅದನ್ನು ನೆನಪಿಸುತ್ತಾರೆ. ಇನ್ನು ಕೆಲವರು ವೈದ್ಯಕೀಯ ಪ್ರಮಾಣಪತ್ರ ತಾ ಅಂತಾರೆ, ಕಾಮಾಲೆ ಆಗಿತ್ತು ಅಂತ ಬರೆಸಿಕೊಂಡು ಬಂದ ಬಾಣಂತಿಯನ್ನು ನಾನೇ ಬಲ್ಲೆ. ಹೆತ್ತದ್ದನ್ನು ಮುಚ್ಚಿ ಕಾಮಾಲೆ ಅಂತ ಹೇಳಬೇಕಾ? 2023ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಇಂಥದ್ದೇ ಒಂದು ಪ್ರಕರಣ ಬಂತು. ಎಂ.ಎಡ್. ಓದುತ್ತಿದ್ದ ಒಬ್ಬರು ಹೆರಿಗೆಗೆ ಅಂತ 59 ದಿನಗಳ ಹಾಜರಾತಿ ವಿನಾಯಿತಿ ಕೇಳಿದ್ದರು, ವಿಶ್ವವಿದ್ಯಾಲಯ ಆಗುವುದಿಲ್ಲ ಅಂದಿತ್ತು. ಕೋರ್ಟು ಅದನ್ನು ರದ್ದು ಮಾಡಿ ಮತ್ತೆ ಪರಿಶೀಲಿಸಿ ಅಂತ ಹೇಳಿತು. ಒಳ್ಳೆಯದೇ ಆಯ್ತು. ಆದರೆ ಹೊನ್ನಾವರದ ಹುಡುಗಿ ಹಾಜರಾತಿಗಾಗಿ ಹೈಕೋರ್ಟಿಗೆ ಹೋಗುವಂತಾ? ವಕೀಲರ ಫೀಸಿನಲ್ಲಿ ಇನ್ನೊಂದು ಬಿ.ಎಡ್. ಆಗುತ್ತದೆ.

ಬಿ.ಎಡ್. ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಮಕ್ಕಳಿರುವವರು ಹೆಚ್ಚು ಸಿಗುವುದು ಅಲ್ಲೇ. ಡಿಗ್ರಿ ಮುಗಿಸಿ, ಮದುವೆಯಾಗಿ, ಒಂದು ಸರ್ಕಾರಿ ಶಾಲೆಯ ಕೆಲಸ ಸಿಕ್ಕರೆ ಸಾಕು ಅಂತ ಬರುವವರು. ಸೊಸೆಯ ತರಗತಿಯಲ್ಲೇ ತಾಯಂದಿರ ಒಂದು ಗುಂಪಿದೆ, ವಾಟ್ಸಾಪಿನಲ್ಲಿ ಅವರ ಮಾತು ಅರ್ಧ ಪಾಠ ಯೋಜನೆ, ಅರ್ಧ ಕೆಮ್ಮಿನ ಔಷಧಿ. 2015ರಿಂದ ಬಿ.ಎಡ್. ಎರಡು ವರ್ಷ ಆಯಿತು. ಎನ್‌ಸಿಟಿಇ (ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ) ನಿಯಮದಂತೆ ತರಗತಿಗೆ 80% ಹಾಜರಾತಿ, ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್ಪಿಗೆ 90%. ಬೇರೆ ಪದವಿಯ 75%ಗಿಂತ ಬಿಗಿ. ಶಿಕ್ಷಕರು ತಯಾರಾಗಬೇಕು, ಬಿಗಿ ಇರಲಿ, ನನ್ನ ತಕರಾರಿಲ್ಲ. ಇಂಟರ್ನ್‌ಶಿಪ್ ಎರಡೂ ವರ್ಷ ಸೇರಿ 20 ವಾರ. 90% ಅಂದರೆ ಇಡೀ 20 ವಾರದಲ್ಲಿ ತಪ್ಪಿಸಬಹುದಾದದ್ದು ಎರಡು ವಾರ. ಸಣ್ಣ ಮಕ್ಕಳಿಗೆ ಒಂದು ಮಳೆಗಾಲದಲ್ಲಿ ಜ್ವರ, ಶೀತ, ಭೇದಿ ಎಷ್ಟು ಸಲ ಬರುತ್ತದೆ ಅಂತ ಮಗು ಸಾಕಿದ ಯಾರನ್ನಾದರೂ ಕೇಳಿ. ಆರನೇ, ಹತ್ತನೇ, ಹದಿನಾಲ್ಕನೇ ವಾರಕ್ಕೆ ಪೆಂಟಾ ಲಸಿಕೆ ಹಾಕಿಸಿದ ರಾತ್ರಿಯೇ ಎಷ್ಟೋ ಕೂಸುಗಳಿಗೆ ಮೈ ಸುಡುತ್ತದೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೊರಟವಳ ಕಣ್ಣು ನೋಡಿದರೆ ಗೊತ್ತಾಗುತ್ತದೆ, ಮಲಗಿಲ್ಲ ಅಂತ.

ಇಂಟರ್ನ್‌ಶಿಪ್ಪಿಗೆ ಯಾವ ಶಾಲೆ ಅಂತ ಪಟ್ಟಿ ಹಾಕುವಾಗ ಮಗು ಇರುವವರಿಗೆ ಅವರ ಮನೆಗೆ ಹತ್ತಿರದ ಪ್ರೌಢಶಾಲೆ ಕೊಟ್ಟರೆ ಎಷ್ಟು ಅನುಕೂಲ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮನೆಗೆ ಬಂದು ಹಾಲು ಕುಡಿಸಿ ಹೋಗಬಹುದು. ಈಗ ಹೆಸರಿನ ಅಕ್ಷರ ನೋಡಿ ಹಂಚುತ್ತಾರೋ ಏನೋ, ಕುಮಟಾದವಳನ್ನು ಆಚೆ ದಿಕ್ಕಿಗೆ, ಆಚೆಯವಳನ್ನು ಕುಮಟಾಕ್ಕೆ.

ಹಾಲಿನ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ಪೇಪರಿನಲ್ಲಿ ಇಂಥದ್ದೆಲ್ಲ ಬರೆಯುತ್ತಾರಾ ಅಂತ ಕೆಲವರು ಮುಖ ಸಿಂಡರಿಸಬಹುದು. ಆರು ತಿಂಗಳು ಬರೀ ಎದೆಹಾಲು ಕೊಡಿ ಅಂತ ನಾವು ಅಂಗನವಾಡಿಯವರು ಮನೆಮನೆಗೆ ಹೋಗಿ ಹೇಳಿದವರು, ಗೋಡೆಗೆ ಚಿತ್ರ ಅಂಟಿಸಿದವರು. ಆ ಮಾತು ನಂಬಿದ ಹುಡುಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಲೇಜಿನಲ್ಲಿ ಕೂತರೆ ಮಧ್ಯಾಹ್ನದೊಳಗೆ ಎದೆ ಕಲ್ಲಿನ ಹಾಗೆ ಆಗುತ್ತದೆ. ನೋವು, ಜ್ವರ, ಸೀರೆ ಒದ್ದೆ. ಆಗ ಅವಳು ಹೋಗುವುದು ಎಲ್ಲಿಗೆ? ಶೌಚಾಲಯಕ್ಕೆ. ಬಾಗಿಲು ಹಾಕಿಕೊಂಡು, ಮೂಗು ಮುಚ್ಚಿಕೊಂಡು, ಹಾಲು ಹಿಂಡಿ ನೀರು ಬಿಟ್ಟು ಬರುತ್ತಾಳೆ. ಮನೆಯಲ್ಲಿ ಕೂಸು ಅದೇ ಹೊತ್ತಿಗೆ ಅಳುತ್ತಿರುತ್ತದೆ, ನಾನು ರಾಗಿ ಮಣ್ಣಿ ಕಲಸಿ ಚಮಚ ಹಿಡಿದು ಕೂತಿರುತ್ತೇನೆ. ಬಸ್ ಸ್ಟ್ಯಾಂಡುಗಳಲ್ಲೇ ಈಗ ಹಾಲುಣಿಸುವ ಕೋಣೆ ಮಾಡುತ್ತಿದ್ದಾರೆ. ಕಾಲೇಜಿನಲ್ಲಿ ಚಿಲಕ ಇರುವ ಒಂದು ಕೋಣೆ, ಒಂದು ಕುರ್ಚಿ, ಕೈ ತೊಳೆಯಲು ನೀರು, ಸಾಧ್ಯವಾದರೆ ಒಂದು ಸಣ್ಣ ಫ್ರಿಜ್. ಲೇಡೀಸ್ ರೂಮಿನ ಮೂಲೆಗೆ ಒಂದು ಪರದೆ ಕಟ್ಟಿದರೂ ನಡೆಯುತ್ತದೆ.

ಇನ್ನು ಮಳೆ. ನಮ್ಮ ಜಿಲ್ಲೆಯ ಮಳೆಗೆ ಬೇರೆಯದೇ ಒಂದು ನಿಯಮ ಬೇಕು. ಜೂನ್, ಜುಲೈ, ಆಗಸ್ಟಿನಲ್ಲಿ ರೆಡ್ ಅಲರ್ಟ್ ಬಂದಾಗ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಕೊಡಬೇಕಾದದ್ದೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರು ರಜೆ ಯಾಕೆ ಅಂತ ಕೇಳುವುದಿಲ್ಲ. ಆದರೆ ಆದೇಶ ಓದಿ ನೋಡಿ. ಎಷ್ಟೋ ಸಲ ಅದರಲ್ಲಿ ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆ, ಪದವಿಪೂರ್ವ ಕಾಲೇಜು ಅಂತ ಇರುತ್ತದೆ, ಪದವಿ ಕಾಲೇಜು ಇರುವುದಿಲ್ಲ. ಅಂದರೆ ಮಗುವಿಗೆ ರಜೆ, ಅಮ್ಮನಿಗೆ ಕ್ಲಾಸು. ಬೇರೆ ದಿನ ಅಂಗನವಾಡಿಗೋ ಒಂದನೇ ತರಗತಿಗೋ ಹೋಗುವ ಮಗು ಆ ದಿನ ಎಲ್ಲಿಗೆ ಹೋಗಬೇಕು?

ಹೋದ ಮಳೆಗಾಲದಲ್ಲಿ ಸೊಸೆಯ ಸಹಪಾಠಿ ಒಬ್ಬಳಿಗೆ ಹೀಗೇ ಆಯಿತು. ಅಘನಾಶಿನಿ ಕಡೆಯವಳು. ಅತ್ತೆ ಮಣಿಪಾಲದ ಆಸ್ಪತ್ರೆಯಲ್ಲಿ, ಗಂಡ ಅಲ್ಲೇ. ರಜೆಯ ಸುದ್ದಿ ಮೊಬೈಲಿಗೆ ಬಂದಾಗ ಬೆಳಕು ಹರಿದಿತ್ತು, ಅವತ್ತೇ ಇಂಟರ್ನಲ್ ಪರೀಕ್ಷೆ. ನಾಲ್ಕು ವರ್ಷದ ಮಗನಿಗೆ ರೇನ್‌ಕೋಟ್ ತೊಡಿಸಿ ಕರೆದುಕೊಂಡೇ ಬಂದಳು. ಕಾಲೇಜಿನ ಬಾಗಿಲಲ್ಲಿ ಉಪನ್ಯಾಸಕಿ ನೋಡಿ, ಇದೇನು ಬಾಲವಾಡಿಯಾ ಅಂದರಂತೆ. ಮಗು ವರಾಂಡದಲ್ಲಿ ಜವಾನನ ಮೇಜಿನ ಹತ್ತಿರ ಕೂತಿತು. ಅಮ್ಮ ಕೊಟ್ಟ ಪಾಠ ಯೋಜನೆಯ ಹಳೆ ಪುಸ್ತಕದ ಹಿಂದೆ ಮುಂದೆ ಬಣ್ಣ ಬಳಿಯಿತು, ಬಿಸ್ಕಿಟ್ ತಿಂದಿತು, ಗಾಳಿಗೆ ಇರಚಲು ಬಡಿದಾಗ ಮೇಜಿನ ಕೆಳಗೆ ಸರಿಯಿತು. ಅವಳು ಕಿಟಕಿಯ ಪಕ್ಕದ ಬೆಂಚು ಕೇಳಿಕೊಂಡು, ಎರಡು ಸಾಲು ಬರೆದು ಒಂದು ಸಲ ಹೊರಗೆ ನೋಡಿ, ಮತ್ತೆ ಎರಡು ಸಾಲು ಬರೆದಳಂತೆ. ಅವತ್ತಿನ ಪರೀಕ್ಷೆ ಮಕ್ಕಳ ಬೆಳವಣಿಗೆ ಕುರಿತ ಪತ್ರಿಕೆಯದ್ದು. ನಾನು ಸೇರಿಸಿ ಹೇಳ್ತಾ ಇಲ್ಲ.

ಆ ಉಪನ್ಯಾಸಕಿ ಕೆಟ್ಟವರಲ್ಲ. ಪರೀಕ್ಷೆ ಮುಗಿದ ಮೇಲೆ ಅವರೇ ಮಗುವಿಗೆ ಚಾಕಲೇಟ್ ತರಿಸಿ ಕೊಟ್ಟರಂತೆ. ನಾನು ಒಳಗೆ ಕೂರಿಸಿಕೊಂಡರೆ ನಾಳೆ ಮೇಲಿನವರು ಕೇಳ್ತಾರೆ, ಯಾವ ಆರ್ಡರಿನ ಮೇಲೆ ಅಂತ, ನಾನೇನು ತೋರಿಸಲಿ ಅಂದರಂತೆ. ಅವರ ಮಾತೂ ಸರಿ. ಅವರ ಕೈಗೂ ಒಂದು ಕಾಗದ ಬೇಕು.

ಹಾಗಾಗಿ ಜಿಲ್ಲಾಡಳಿತಕ್ಕೂ ವಿಶ್ವವಿದ್ಯಾಲಯಕ್ಕೂ ನನ್ನ ಕೇಳಿಕೆ ಸಣ್ಣದು. ಅಂಗನವಾಡಿ, ಶಾಲೆಗಳಿಗೆ ಮಳೆ ರಜೆ ಇದ್ದು ಪದವಿ ಕಾಲೇಜು ನಡೆಯುವ ದಿನಗಳಲ್ಲಿ, ಸಣ್ಣ ಮಕ್ಕಳಿರುವ ವಿದ್ಯಾರ್ಥಿಗಳು ಬರದಿದ್ದರೆ ಆ ದಿನವನ್ನು ಹಾಜರಾತಿ ಲೆಕ್ಕದಿಂದಲೇ ತೆಗೆಯಿರಿ. ಇಂಟರ್ನಲ್ ಇದ್ದರೆ ಬೇರೆ ದಿನ ಬರೆಸಿ. ಜಿಲ್ಲಾಧಿಕಾರಿಗಳ ಆದೇಶವೇ ದಾಖಲೆ, ಯಾರೂ ಸುಳ್ಳು ಹೇಳಲು ಆಗುವುದಿಲ್ಲ.

ಶಿಶುಪಾಲನಾ ಕೇಂದ್ರ ಅಂದ ಕೂಡಲೇ ದುಡ್ಡೆಲ್ಲಿ ಅಂತಾರೆ. ಮೊದಲು ಈಗ ಏನಿದೆ ನೋಡೋಣ. ನಮ್ಮ ಅಂಗನವಾಡಿ ಇದೆ, 1975ರಿಂದ ನಡೆದುಕೊಂಡು ಬಂದದ್ದು. ಆದರೆ ಅಲ್ಲಿ ಬಂದು ಕೂರುವುದು ಮೂರರಿಂದ ಆರು ವರ್ಷದ ಮಕ್ಕಳು. ಮೂರರೊಳಗಿನವರಿಗೆ ಮನೆಗೆ ಆಹಾರದ ಪೊಟ್ಟಣ ಕೊಡುತ್ತೇವೆ, ಮಗುವನ್ನು ಇಟ್ಟುಕೊಳ್ಳುವುದಿಲ್ಲ. ಓದುವ ತಾಯಿಗೆ ಕಷ್ಟ ಇರುವುದೇ ಆ ಮೊದಲ ಮೂರು ವರ್ಷ. ಬಸುರಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ 2017ರ ಅಕ್ಟೋಬರ್ 2ರಂದು ಶುರುವಾಯಿತು, ಅಂಗನವಾಡಿಗೇ ಬಂದು ಉಣ್ಣಬೇಕು ಅಂತ. ಮಧ್ಯಾಹ್ನ ಒಂದು ಗಂಟೆಗೆ ಕಾಲೇಜಿನಲ್ಲಿ ಕೂತ ಬಸುರಿ ಹೇಗೆ ಬರಬೇಕು? ಬಸುರಿ ಅಂದರೆ ಮನೆಯಲ್ಲೇ ಇರುತ್ತಾಳೆ ಅಂದುಕೊಂಡು ಮಾಡಿದ ಯೋಜನೆ ಅದು.

ಆಮೇಲೆ ಕೂಸಿನ ಮನೆ. 2023ರ ಜುಲೈ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಅಂತ ಘೋಷಣೆ ಆಯಿತು, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳಲು. ನಾನು ಕಂಡ ಒಳ್ಳೆಯ ಯೋಜನೆಗಳಲ್ಲಿ ಅದೂ ಒಂದು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಕೂರಿಸುತ್ತಾರೆ. ಆದರೆ ಅದು ಪಂಚಾಯಿತಿಯದ್ದು, ಕಾಲೇಜುಗಳು ಹೆಚ್ಚಾಗಿ ಇರುವುದು ಪೇಟೆಯಲ್ಲಿ, ಪುರಸಭೆ ನಗರಸಭೆಯ ಜಾಗದಲ್ಲಿ. ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆಯಲ್ಲಿ ಪಾಲನಾ ಅಂತ ಇನ್ನೊಂದಿದೆ, ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ, ಅಂಗನವಾಡಿಯನ್ನೇ ಶಿಶುಪಾಲನಾ ಕೇಂದ್ರವನ್ನೂ ಮಾಡುವುದು. ಖರ್ಚಿನಲ್ಲಿ ಕೇಂದ್ರದ್ದು 60%, ರಾಜ್ಯದ್ದು 40%. ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ. ಕಾರವಾರದಲ್ಲಿ, ಕುಮಟಾದಲ್ಲಿ, ಶಿರಸಿಯಲ್ಲಿ ಕಾಲೇಜಿಗೆ ಹತ್ತಿರದ ಒಂದೊಂದು ಅಂಗನವಾಡಿಯನ್ನು ಆರಿಸಿ ಇದಕ್ಕೆ ಸೇರಿಸಿ, "ಕೆಲಸಕ್ಕೆ ಹೋಗುವ ತಾಯಿ" ಅನ್ನುವಲ್ಲಿ "ಓದುವ ತಾಯಿ"ಯನ್ನೂ ಸೇರಿಸಿ. ಪ್ರತಿ ಕಾಲೇಜಿಗೂ ಬೇರೆ ಬೇರೆ ಬೇಕು ಅಂತ ನಾನು ಹೇಳುವುದಿಲ್ಲ. ಊರಿಗೊಂದು ಸಾಕು. ಆಸ್ಪತ್ರೆಯ ನರ್ಸುಗಳು, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರು, ಮೀನು ಮಾರಲು ಬರುವವರು, ಎಲ್ಲರ ಮಕ್ಕಳೂ ಇರಲಿ. ಒಂದು ಕೂಸಿಗೂ ಇನ್ನೊಂದು ಕೂಸಿಗೂ ಜೊತೆಯಾಗುತ್ತದೆ.

ಬೇರೆ ಸೌಲಭ್ಯ ಇದೆಯಲ್ಲ ಅನ್ನುವವರಿಗೆ: ಇದೆ. 2023ರ ಜೂನ್ 11ರಿಂದ ಶಕ್ತಿ ಬಸ್ಸು ಬಂದ ಮೇಲೆ ಕಾಲೇಜಿಗೆ ಹೋಗಿ ಬರುವ ಖರ್ಚು ಉಳಿದಿದೆ, ಘಟ್ಟದ ಹಳ್ಳಿಗಳಿಂದ ಹುಡುಗಿಯರು ಧೈರ್ಯವಾಗಿ ಬರುತ್ತಿದ್ದಾರೆ. ಗೃಹಲಕ್ಷ್ಮಿ 2,000 ರೂಪಾಯಿ ಮನೆಯ ಯಜಮಾನಿಗೆ ಬರುತ್ತದೆ, ನಮ್ಮ ಮನೆಯಲ್ಲಿ ಯಜಮಾನಿ ನಾನು, ಸೊಸೆಯಲ್ಲ. ಅವಳ ಫೀಸಿಗೆ ಕೊಡುವುದು ಬಿಡುವುದು ನನ್ನ ಮರ್ಜಿ. ನಾನು ಕೊಡ್ತೇನೆ. ಎಲ್ಲ ಅತ್ತೆಯರೂ ಕೊಡ್ತಾರೆ ಅಂತ ನಾನು ಬರೆದುಕೊಡಲಾರೆ.

ಗಂಡುಮಕ್ಕಳನ್ನು ಬಿಟ್ಟು ಬರೆದೆ ಅಂದುಕೊಳ್ಳಬೇಡಿ. ಎಂ.ಎ. ಮಾಡುವ, ಐಟಿಐ ಮಾಡುವ ಅಪ್ಪಂದಿರೂ ಇದ್ದಾರೆ, ಹೆಂಡತಿ ಹೆತ್ತ ವಾರ ಆಸ್ಪತ್ರೆಗೂ ಪರೀಕ್ಷೆಗೂ ಓಡಾಡಿದವರನ್ನು ಕಂಡಿದ್ದೇನೆ. ನಿಯಮ ಬರೆಯುವಾಗ "ಮಗು ಇರುವ ವಿದ್ಯಾರ್ಥಿ" ಅಂತಲೇ ಬರೆಯಲಿ. ಮಗುವಿಗೆ ಜ್ವರ ಬಂದ ದಿನ ಅಪ್ಪ ರಜೆ ಹಾಕಿ ಮನೆಯಲ್ಲಿ ಕೂತರೆ ನಮಗೇನೂ ನಷ್ಟವಿಲ್ಲ.

ಓದುವಾಗ ಮಗು ಯಾಕೆ ಬೇಕಿತ್ತು ಅಂತ ಒಬ್ಬರು ಬಸ್ಸಿನಲ್ಲಿ ನನ್ನ ಮುಖಕ್ಕೇ ಕೇಳಿದ್ದರು. 18 ತುಂಬದ ಹುಡುಗಿಗೆ ಮದುವೆ ಮಾಡಿದರೆ ಪೊಲೀಸರಿಗೆ ತಿಳಿಸಿ ಅಂತ ಊರಿನಲ್ಲಿ ಜಗಳ ಕಟ್ಟಿಕೊಂಡವಳು ನಾನು, ಅದರ ಬಗ್ಗೆ ನನಗೆ ಪಾಠ ಬೇಡ. ಆದರೆ 21ಕ್ಕೋ 24ಕ್ಕೋ ಮದುವೆಯಾಗಿ ಹೆತ್ತವಳು ತಪ್ಪೇನು ಮಾಡಿದಳು? ಮದುವೆಯ ದಿನ ಗೊತ್ತು ಮಾಡಿದವರು ನಾವು ಹಿರಿಯರು, ವರ್ಷ ತುಂಬುವ ಮೊದಲು ಏನಾದರೂ ವಿಶೇಷ ಉಂಟಾ ಅಂತ ಕೇಳಿದವರೂ ನಾವೇ. ಹಾಜರಾತಿ ಕಡಿಮೆ ಆದಾಗ ಮಾತ್ರ ಅವಳನ್ನು ಒಬ್ಬಳನ್ನೇ ನಿಲ್ಲಿಸುತ್ತೇವೆ.

ಇಂಥವರು ಎಷ್ಟು ಜನ ಇದ್ದಾರು, ನಾಲ್ಕೈದು ಜನಕ್ಕೆ ಇಷ್ಟೆಲ್ಲ ಯಾಕೆ ಅಂತಲೂ ಕೇಳ್ತಾರೆ. ಅದಕ್ಕೇ ನಾನು ಆ ಕಾಲಂ ಬಗ್ಗೆ ಮೊದಲೇ ಬರೆದದ್ದು. ಅಮೆರಿಕದಲ್ಲಿ ಪದವಿ ಓದುವವರಲ್ಲಿ ಹತ್ತಿರ ಹತ್ತಿರ ಐವರಲ್ಲಿ ಒಬ್ಬರಿಗೆ ಮಕ್ಕಳಿದ್ದಾರೆ ಅಂತ ಲೆಕ್ಕ ಇದೆ, ಕಾಲೇಜಿನ ಶಿಶುಪಾಲನೆಗೆ ಅಂತಲೇ ಅಲ್ಲಿನ ಕೇಂದ್ರ ಸರ್ಕಾರ ಅನುದಾನವನ್ನೂ ಕೊಡುತ್ತದೆ. ನಮ್ಮಲ್ಲಿ ಅಷ್ಟು ಇರಲಾರದು. ಎಷ್ಟಿದೆ ಅಂತ ಎಣಿಸಿದರೆ ತಾನೇ ಗೊತ್ತಾಗುವುದು? ಮುಂದಿನ ಪ್ರವೇಶದ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ. ಉತ್ತರ ಕೊಡುವುದು ಅವರವರ ಇಷ್ಟ ಅಂತಲೂ ಬರೆಯಿರಿ, ಇಲ್ಲದಿದ್ದರೆ ಮಗು ಇದೆ ಅಂದರೆ ಸೀಟು ಕೊಡೋದಿಲ್ಲವೇನೋ ಅಂತ ಹುಡುಗಿಯರು ಸುಮ್ನೆ ಇಲ್ಲ ಅಂತ ಬರೆದುಬಿಡುತ್ತಾರೆ.

ಸೊಸೆಯ ಇಂಟರ್ನ್‌ಶಿಪ್ ಮುಂದಿನ ತಿಂಗಳು ಶುರು. ಶಾಲೆ ಯಾವುದು ಅಂತ ಇನ್ನೂ ಹೇಳಿಲ್ಲ. ಕುಮಟಾದಲ್ಲಿ ಯಾವುದಾದರೂ ಕಾಲೇಜಿನವರು ಒಂದು ಖಾಲಿ ಕೋಣೆ, ಒಂದು ಚಾಪೆ, ಕುಡಿಯುವ ನೀರು ಕೊಡುವುದಾದರೆ ಮಕ್ಕಳನ್ನು ನೋಡಿಕೊಳ್ಳಲು ನಾನು ಬರುತ್ತೇನೆ. ನನ್ನ ಹಾಗೆ ನಿವೃತ್ತರಾದ ಇನ್ನಿಬ್ಬರು ಅಕ್ಕೋರೂ ಬರುತ್ತೇವೆ ಅಂದಿದ್ದಾರೆ, ಮೂವರಿಗೂ ಕೂಸು ಮಲಗಿಸುವುದೂ ಗೊತ್ತು, ರಿಜಿಸ್ಟರ್ ಬರೆಯುವುದೂ ಗೊತ್ತು. ಪುಕ್ಕಟೆ ಬರುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ. ಗೌರವಧನ ಅಂತ ಹೆಸರಿಟ್ಟು ಸಾವಿರ ರೂಪಾಯಿ ಕೈಗಿಡುವುದೂ ಬೇಡ. ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಬರಲು ಒಪ್ಪಬೇಕು.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ಕುಮಟಾ ತಾಲ್ಲೂಕು, ಉತ್ತರ ಕನ್ನಡ